ಗಿರಿಜಕ್ಕನ ಮೂಗು ಮತ್ತು ಒಂದು ಬಿಳಿ ವೈನು

ಮೇಲಿನ ಅಪಾರ್ಟ್‌ಮೆಂಟಿನ ಗಿರಿಜಕ್ಕ ನಮ್ಮ ಮನೆಗೆ ಬಂದರೆ ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದು, "ಸಾರಿಗೆ ಇಂಗು ಮರ್ತೀಯಲ್ಲ?" ಎನ್ನುತ್ತಿದ್ದರು. ಮರೆತೇ ಇರುತ್ತಿದ್ದೆ. ಒಲೆಯ ಮುಂದೆ ನಿಂತ ನನಗೆ ತಿಳಿಯದ್ದು ಹೊಸ್ತಿಲಾಚೆ ನಿಂತ ಅವರಿಗೆ ತಿಳಿಯುತ್ತಿತ್ತು. ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು.

ಧಾರವಾಡದವರು. ಇಪ್ಪತ್ತು ವರ್ಷ ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ದುಡಿದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡರು. ಮತ್ತೆ ಕರೆಯುವವರು ಸಿಗದೆ ಕೊನೆಗೆ ಅಲ್ಲಿಂದ ಅರ್ಧ ಗಂಟೆ ದಾರಿಯ ನಮ್ಮ ನೆವಾರ್ಕಿನಲ್ಲೇ ಒಂದು ವೈನ್ ಅಂಗಡಿಯ ಗಲ್ಲಾದಲ್ಲಿ ಕೂತಾಗ ಕನ್ನಡದ ಬಳಗದಲ್ಲಿ ಗುಸುಗುಸು ಎದ್ದಿತು. ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ನಮ್ಮ ಪಾಟ್‌ಲಕ್ಕುಗಳಲ್ಲಿ ಗಂಡಸರ ಬಾಟಲಿಗಳು ಗರಾಜಿನಲ್ಲಿರುತ್ತವೆ, ಹೆಂಗಸರಿಗೆ ಒಳಗೆ ಮಾವಿನ ಜ್ಯೂಸು. ಗಿರಿಜಕ್ಕ ಮಾತ್ರ ಒಂದು ಸಲ ತಾವು ತಂದ ಬಾಟಲಿಯನ್ನು ಊಟದ ಮೇಜಿನ ಮೇಲೆ, ಕೋಸಂಬರಿಯ ಪಕ್ಕದಲ್ಲೇ ಇಟ್ಟರು.

"ನಿಮ್ ಯಜಮಾನ್ರು ಏನೂ ಅನ್ನಲ್ವಾ?" ಎಂದು ಯಾರೋ ಕೇಳಿದರು.

"ನಮ್ಮನಿಯವರು ಕುಡಿಯೂದಿಲ್ಲ. ಅವರ ಪಾಲಿಂದೂ ನಾನ ಕುಡೀತೀನಿ."

ಅದು ಸೊವಾವೆ. ಇಟಲಿಯ ವೆರೋನಾ ಊರಿನ ಬಳಿಯ ಗುಡ್ಡಗಳಲ್ಲಿ ತಲೆತಲಾಂತರದಿಂದ ಮಾಡುವ, ಸಿಹಿಯಿಲ್ಲದ ಬಿಳಿ ವೈನು. ನಾನು ಗ್ಲಾಸಿಗೆ ಎರಡು ಐಸ್ ತುಂಡು ಹಾಕಹೊರಟಾಗ ಕೈಮೇಲೆ ಮೆಲ್ಲಗೆ ಒಂದೇಟು ಬಿತ್ತು. "ಅಯ್ಯ, ಇದೇನು ಪಾನಕ ಅಂತ ತಿಳದೀಯೇನು?"

ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಡಬೇಕಂತೆ. ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ. "ಮೊದಲ ಮೂಗಿಗೆ ಕೊಡು, ಆಮ್ಯಾಲೆ ಬಾಯಿಗೆ. ನುಂಗಿದ ಮ್ಯಾಲೆ ಸುಮ್ಮನ ಕೂಡು" ಎಂದರು. ಕೂತೆ. ನಾಲಿಗೆಯ ತುದಿಯಲ್ಲಿ ಸಣ್ಣಗೆ ಒಂದು ಕಹಿ ಉಳಿಯಿತು. "ಬಾದಾಮಿ ಸಿಪ್ಪಿ" ಎಂದು ಕಣ್ಣು ಮಿಟುಕಿಸಿ, ಒಂದು ಚಮಚ ಕೋಸಂಬರಿ ಬಡಿಸಿದರು. ನಿಂಬೆಹುಳಿಗೂ ತೆಂಗಿನ ತುರಿಗೂ ಆ ವೈನು ಎಷ್ಟು ಚೆನ್ನಾಗಿ ಒಗ್ಗಿತೆಂದರೆ ನಾನು ಮತ್ತೊಂದು ಚಮಚ ಕೇಳಿದೆ. ಮೆಣಸಿನಕಾಯಿ ಬಜ್ಜಿಯ ತಟ್ಟೆಯನ್ನು ಮಾತ್ರ ದೂರ ಸರಿಸಿಬಿಟ್ಟರು.

ವೈನ್ ಪರೀಕ್ಷೆ ಪಾಸಾದರೆ ಅಂಗಡಿಯಲ್ಲಿ ಗಿರಾಕಿಗಳಿಗೆ ವೈನಿನ ರುಚಿ ತೋರಿಸುವ ಕೌಂಟರು ಅವರದೇ ಎಂದು ಮಾಲೀಕ ಹೇಳಿದ್ದ. "ಕೆಲಸ ಹೋದ ಮ್ಯಾಲೆ ನನಗ ಏನೂ ಬರೂದಿಲ್ಲ ಅನಸ್ತದವಾ. ಇದೊಂದು ಬರ್ತದ ಅಂತ ಯಾರರೆ ಹೇಳಬೇಕು" ಎಂದು ಒಮ್ಮೆ ನನ್ನೊಬ್ಬಳ ಬಳಿ ಹೇಳಿಕೊಂಡಿದ್ದರು.

ಪರೀಕ್ಷೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹೆಸರು ಹೇಳದೆ ಮೂರು ಗ್ಲಾಸು ಮುಂದಿಡುತ್ತಾರೆ. ಮೂಸಿ, ರುಚಿ ನೋಡಿ, ಯಾವುದರ ಪರಿಮಳ, ಯಾವ ವೈನು ಎಂದು ಬರೆಯಬೇಕು. ಗಿರಿಜಕ್ಕ ಅದಕ್ಕೆ ಪಿಯುಸಿಗೆ ಓದಿದಂತೆ ಓದಿದರು. ಹಿಂದೆ ಬರೆದವರಿಗೆಲ್ಲ ಫೋನು ಮಾಡಿ, ಮೂರು ಸಲ ಒಂದೇ ಫ್ರೆಂಚ್ ವೈನು ಬಂದಿತ್ತೆಂದು ಪತ್ತೆಹಚ್ಚಿ, ಅದರ ಮುಂದೆ ಕೆಂಪು ಶಾಯಿಯಲ್ಲಿ "ಇಂಪಾರ್ಟೆಂಟ್" ಎಂದು ಗುರುತು ಹಾಕಿಕೊಂಡರು. ಅದರ ಪರಿಮಳಕ್ಕೆ ಪುಸ್ತಕದಲ್ಲಿ ಕೊಟ್ಟಿದ್ದ, ತಾವು ಜನ್ಮದಲ್ಲಿ ಮೂಸಿರದ ಹೂವುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿ, ಮೊದಲ ಗ್ಲಾಸಿಗೇ ಆ ಉತ್ತರವನ್ನು ಗಡಗಡ ಬರೆದು ಬಂದರು. ಫೇಲಾದರು. ಗ್ಲಾಸಿನಲ್ಲಿದ್ದದ್ದು ಸೊವಾವೆ.

ಇದನ್ನು ನನಗೆ ನಗುನಗುತ್ತಲೇ ಹೇಳಲು ಶುರುಮಾಡಿದವರು ನಡುವೆ ಅತ್ತುಬಿಟ್ಟರು. "ಮೂಗು ಖರೇ ಹೇಳಿತ್ತು. ನಾನ ಅದರ ಮಾತು ಕೇಳಲಿಲ್ಲ."

"ಮತ್ತೆ ಪರೀಕ್ಷೆ ಕಟ್ಟಿ ಗಿರಿಜಕ್ಕ. ನೀವ್ ಕಣ್ಮುಚ್ಕೊಂಡ್ ಕೂತ್ಕೊಳ್ಳಿ, ನಾನ್ ಸುರಿದು ಕೊಡ್ತೀನಿ" ಎಂದೆ.

ನಾಲ್ಕು ತಿಂಗಳ ಶನಿವಾರದ ಮಧ್ಯಾಹ್ನಗಳು ಹಾಗೆ ಕಳೆದವು. ನೋಟ್ಸೆಲ್ಲ ಕಸಕ್ಕೆ ಹೋಯಿತು. ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ತೆರೆದಿಟ್ಟು, ವೈನು ಮೂಸಿ, ಡಬ್ಬಿ ಮೂಸಿ, ತಮ್ಮದೇ ಮಾತು ಬರೆದುಕೊಂಡರು: ನಿಂಬೆಯ ಸಿಪ್ಪೆ, ತೊಳೆದ ಬಾಳೆ ಎಲೆ, ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಸುಲಿದ ಬಾದಾಮಿ. ನನಗೋ, ಎಲ್ಲವೂ ಒಂದೇ ಥರ. ಆದರೂ ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ಎರಡನೆಯ ಸಲ ಜೊತೆಗೆ ಹೋಗಿದ್ದೆ. ಹೊರಬಂದವರು ಸೀದಾ ಟ್ರೇನು ಹತ್ತಿ ಕಿಟಕಿಯ ಪಕ್ಕ ಕೂತರು. ಆಮೇಲೆ, "ಗೊತ್ತಿಲ್ಲದ ಹೂವಿಂದು ಒಂದೂ ಹೆಸರು ಬರೀಲಿಲ್ಲ ನೋಡು. ನಮ್ಮನಿ ಬಾದಾಮಿ ಬರದು ಬಂದೆ" ಎಂದರು. ಪಾಸಾದರು. ಒಂದು ವರ್ಷ ಅಂಗಡಿಯ ಕೌಂಟರು ನಡೆಸಿದರು. ನಂತರ ಉತ್ತರದ ಗುಡ್ಡಗಳ ದ್ರಾಕ್ಷಿತೋಟವೊಂದರವರು ತಮ್ಮ ವೈನಿನ ರುಚಿ ತೋರಿಸುವ ಕೆಲಸಕ್ಕೆ ಅವರನ್ನು ಕರೆದರು, ಗಂಡಹೆಂಡತಿ ಮನೆ ಖಾಲಿ ಮಾಡಿಕೊಂಡು ಹೊರಟೇಹೋದರು. ಮೇಲಿನ ಮನೆಗೆ ಬೇರೆ ಯಾರೋ ಬಂದಿದ್ದಾರೆ, ಒಳ್ಳೆಯವರೇ. ಗಿರಿಜಕ್ಕ ಇಲ್ಲದ ಶನಿವಾರಗಳು ಮಾತ್ರ ನನಗಿನ್ನೂ ಒಗ್ಗಿಲ್ಲ.

ಹೋದ ತಿಂಗಳು ಹೇಳದೆ ಕೇಳದೆ ಅವರನ್ನು ನೋಡಲು ಹೋದೆ. ಉದ್ದನೆಯ ಮರದ ಕೌಂಟರಿನ ಹಿಂದೆ ಗಿರಿಜಕ್ಕ, ಮುಂದೆ ಜನರ ಸಾಲು. ಸಾಲು ದಾಟಿ ಸೀದಾ ನುಗ್ಗಿದ ನನ್ನನ್ನು ಕಂಡು ಅವರ ಮುಖ ಅರಳಿತು. ಆದರೆ ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಡಲಿಲ್ಲ.

"ಪಾಳಿ ಬರೂತನಾ ನಿಲ್ಲವಾ. ಇವರೆಲ್ಲಾ ನನ್ನ ಕೇಳಾಕ ಬಂದಾರ" ಎಂದರು.

ಹಿಂದೆ ಹೋಗಿ ನಿಂತೆ. ನನ್ನ ಮುಂದೆ ಆರು ಜನರಿದ್ದರು. ಅಷ್ಟು ಸಂತೋಷದಿಂದ ನಾನು ಯಾವ ಸಾಲಿನಲ್ಲೂ ನಿಂತಿಲ್ಲ.