ಆಡಿನ ಕೊರಳಿನ ಬೋರಮಾಳ

ಚಿನ್ನ ಕಂಡರೆ ನನಗೆ ಆಡಿನ ವಾಸನೆ ಬರುತ್ತದೆ. ಇದನ್ನು ಮನೆಯಲ್ಲಿ ಹೇಳಿದರೆ ನಗುತ್ತಾರೆ, ಹೊರಗೆ ಹೇಳಿದರೆ ಮುದುಕಿಗೆ ಅರಳುಮರಳು ಅನ್ನುತ್ತಾರೆ, ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮೊನ್ನೆ ಮೊಮ್ಮಗಳ ಮದುವೆಗೆಂದು ಯಾದಗಿರಿಯ ದೊಡ್ಡದೊಂದು ಆಭರಣದ ಅಂಗಡಿಗೆ ಹೋಗಿದ್ದೆವು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಕೂತ ಕೂಡಲೇ ಬಾದಾಮಿ ಹಾಲು. ಅಂಗಡಿಯವನು ಕೆಂಪು ಮಖಮಲ್ಲಿನ ಮೇಲೆ ಒಂದು ಬೋರಮಾಳ ಬಿಡಿಸಿಟ್ಟ. ಬೋರೆಹಣ್ಣಿನ ಆಕಾರದ ಚಿನ್ನದ ಗುಂಡುಗಳನ್ನು ಸಾಲಾಗಿ ಪೋಣಿಸಿದ ಸರಕ್ಕೆ ನಮ್ಮ ಕಡೆ ಹಾಗೆ ಹೆಸರು. ನಾನು ಅದನ್ನು ಎತ್ತಿ ನೇರ ಮೂಗಿಗೆ ಹಿಡಿದೆ. ಮೊಮ್ಮಗಳು ಮೊಣಕೈಯಿಂದ ತಿವಿದಳು. ಅಂಗಡಿಯವನು ಪಾಪ, ಇದು ಅಪ್ಪಟ ಚಿನ್ನ ಎಂದು ಮತ್ತೆ ಮತ್ತೆ ಹೇಳತೊಡಗಿದ.

ಅವನಿಗೆ ಹೇಗೆ ತಿಳಿಯಬೇಕು? ನಾನು ಸುರಪುರದ ಪಟವೇಗಾರರ ಮನೆಗೆ ಸೊಸೆಯಾಗಿ ಬಂದವಳು. ಅಕ್ಕಸಾಲಿಗರು ಚಿನ್ನದ ಗುಂಡು ಮಾಡುತ್ತಾರೆ. ಆ ಗುಂಡು, ಹವಳ, ಮುತ್ತು, ಕರಿಮಣಿ ಎಲ್ಲವನ್ನೂ ರೇಷ್ಮೆ ಎಳೆಯಲ್ಲಿ ಪೋಣಿಸಿ, ಗಂಟು ಹಾಕಿ, ಕೊರಳಿಗೆ ಒಪ್ಪುವ ಸರ ಮಾಡುವವರು ಪಟವೇಗಾರರು. ನಮ್ಮ ಮಾವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಕಾಲಿನ ಹೆಬ್ಬೆರಳಿಗೆ ಎಳೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿದು ಕೆಲಸ ಮಾಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನಗೂ ಕಲಿಸಿದರು. ನನ್ನ ಹೆಬ್ಬೆರಳು ಕೆಂಪಗೆ ಊದಿ ಬದನೆಕಾಯಿಯಾಯಿತೇ ಹೊರತು ಗಂಟು ಮಾತ್ರ ನಿಲ್ಲಲಿಲ್ಲ. ನಾನು ಹಾಕಿದ ಗಂಟುಗಳನ್ನು ಅವರು ಬೈಯದೆ ಬಿಚ್ಚುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಆದರೆ ಗುಂಡು ಜೋಡಿಸುವುದರಲ್ಲಿ ನನ್ನ ಕಣ್ಣು ಚೆನ್ನಾಗಿದೆ ಎಂದು ಅವರೇ ಒಪ್ಪಿದ್ದರು. ಒದ್ದೆ ಬಟ್ಟೆಯ ಮೇಲೆ ಗುಂಡುಗಳನ್ನು ಹರಡಿ, ಎಷ್ಟು ಚಿನ್ನದ ನಂತರ ಒಂದು ಹವಳ, ಹವಳದ ಪಕ್ಕ ಮುತ್ತು ಬೇಕೋ ಬೇಡವೋ ಎಂದು ಇಟ್ಟು ತೆಗೆದು ಇಟ್ಟು ತೆಗೆದು ಮಾಡುವ ಕೆಲಸ ಅದು. ನೋಡುತ್ತ ಹೋದ ಕಣ್ಣಿಗೆ ಬೇಸರ ಬರುವ ಮೊದಲೇ ಅಲ್ಲೊಂದು ಹವಳ ಇರಬೇಕು ಎನ್ನುತ್ತಿದ್ದರು ಮಾವ. ಇನ್ನೊಂದು ಸಂಗತಿಯನ್ನೂ ಅವರಿಂದಲೇ ತಿಳಿದೆ. ಬೋರಮಾಳದ ಗುಂಡು ಒಳಗೆ ಪೊಳ್ಳು. ತಗ್ಗು ಬೀಳಬಾರದೆಂದು ಒಳಗೆ ಅರಗು ತುಂಬಿರುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಅರಗಿನ ಉಂಡೆ ಸದಾ ಇರುತ್ತಿತ್ತು.

ಆಭರಣ ಎಲ್ಲ ನಮ್ಮ ಕೈಯಲ್ಲಿ ಓಡಾಡುತ್ತಿತ್ತು, ಆದರೆ ಒಂದು ಗುಂಡೂ ನಮ್ಮದಲ್ಲ. ಮಂದಿ ನಂಬಿ ಬಿಟ್ಟು ಹೋಗುತ್ತಿದ್ದರು, ಅಷ್ಟೇ. ಒಬ್ಬರ ಚಿನ್ನ ಕಳೆದರೆ ಮಾರನೆಯ ದಿನದಿಂದ ಯಾರೂ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ.

ಒಂದು ವರ್ಷ ಶಹಾಪುರದ ಕಿರಾಣಿ ಅಂಗಡಿಯವರ ಹೆಂಡತಿ ಬಸಮ್ಮ ತಮ್ಮ ತಾಯಿಯಿಂದ ಬಂದ ಬೋರಮಾಳ ತಂದುಕೊಟ್ಟರು. ಮಗಳ ಮದುವೆಗೆ ಹವಳ ಸೇರಿಸಿ ಹೊಸದಾಗಿ ಪೋಣಿಸಬೇಕಿತ್ತು. ನಾನು ಹವಳ ಆರಿಸುತ್ತಿರುವಾಗಲೇ ಗಲಾಟೆ ಶುರುವಾಯಿತು. ನಾವಿದ್ದ ನಿಜಾಮರ ರಾಜ್ಯ ಹಿಂದೂಸ್ತಾನಕ್ಕೆ ಕೂಡುತ್ತದೋ ಇಲ್ಲವೋ ಎಂಬ ವರ್ಷ ಅದು. ಇಂದು ಆ ಊರು ಸುಲಿದರು, ನಾಳೆ ಈ ಊರು ಎಂಬ ಸುದ್ದಿ. ಯಜಮಾನರು ರೇಷ್ಮೆ ತರಲು ಸೊಲ್ಲಾಪುರಕ್ಕೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು. ನಾವು ಮೂವರೇ, ಮಾವ, ಅತ್ತೆ, ನಾನು. ಬಸಮ್ಮನ ಮನೆಯವರೂ ಎತ್ತಲೋ ಹೊರಟುಹೋಗಿದ್ದರು, ಸರ ತಿರುಗಿ ಕೊಡೋಣವೆಂದರೆ ಯಾರ ಕೈಗೆ ಕೊಡುವುದು?

ಮಾವ ಒಂದು ಉಪಾಯ ಮಾಡಿದರು. ಅರಗು ಕರಗಿಸಿ, ಅದಕ್ಕೆ ದೀಪದ ಮಸಿ ಬೆರೆಸಿ, ಒಂದೊಂದೇ ಚಿನ್ನದ ಗುಂಡನ್ನು ತಂತಿಗೆ ಸಿಕ್ಕಿಸಿ ಅದ್ದಿ ತೆಗೆದರು. ಹೆಚ್ಚು ಹೊತ್ತು ಅದ್ದಿದರೆ ಒಳಗಿನ ಅರಗು ಕರಗಿ ಸೋರುತ್ತದೆ, ಬೇಗ ತೆಗೆದರೆ ಹಳದಿ ಇಣುಕುತ್ತದೆ. ನಾನು ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕಿ ಆರಿಸಿದೆ. ಮುಗಿಯುವಷ್ಟರಲ್ಲಿ ಬೋರಮಾಳ ಹೋಗಿ ಸಂತೆಯಲ್ಲಿ ಸಿಗುವ ಅಗ್ಗದ ಕರಿಮಣಿ ಸರವಾಗಿತ್ತು. ಬಚ್ಚಿಟ್ಟದ್ದನ್ನು ಎಲ್ಲರೂ ಹುಡುಕುತ್ತಾರೆ ಎಂದು ಮಾವ ಅದನ್ನು ಪಡಸಾಲೆಯ ಗೂಟಕ್ಕೆ, ಬೇರೆ ಗಾಜಿನ ಸರಗಳ ನಡುವೆ ತೂಗುಹಾಕಿದರು. ಹೊರಡುವ ದಿನ ನಾನು ಅದನ್ನು ಕೊರಳಿಗೆ ಹಾಕಿಕೊಳ್ಳಬೇಕೆಂದು ಮಾತಾಯಿತು.

ಆಮೇಲೆ ದನಿ ತಗ್ಗಿಸಿ ಹೇಳಿದರು: “ಇದನ್ನ ನಿಮ್ಮತ್ತಿಗೆ ಹೇಳಬ್ಯಾಡವ್ವ. ಆಕಿ ಬಾಯಾಗ ಎಳ್ಳುಕಾಳು ನೆನಿಯಂಗಿಲ್ಲ.”

ಅದು ಸುಳ್ಳಲ್ಲ. ನಮ್ಮತ್ತೆ ಕೆಟ್ಟವರಲ್ಲ, ಆದರೆ ಕೇಳಿದ ಮಾತು ಅವರ ಕಿವಿಯಿಂದ ಓಣಿಯ ಕೊನೆಯ ಮನೆಗೆ ಹೋಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. ನನಗೆ ಮೂರನೆಯ ತಿಂಗಳು ಎಂಬುದು ನನ್ನ ತವರಿನವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತೆಂದರೆ ನೀವೇ ಲೆಕ್ಕ ಹಾಕಿ.

ಒಂದು ಬೆಳಗ್ಗೆ ಬಂಡಿ ಸಿಕ್ಕಿತು, ಹೊರಟೆವು. ಅತ್ತೆಗೆ ಮನೆ ಬಿಡುವುದಕ್ಕಿಂತ ಆಡು ಬಿಡುವುದೇ ಕಷ್ಟವಾಗಿತ್ತು. ಹಾಲು ಕೊಡುವ ಒಂದು ಆಡು, ಅದಕ್ಕೊಂದು ಬಿಳಿ ಮರಿ. ಕುರಿ ಕಾಯುವ ಮಾಳವ್ವ ನಮ್ಮ ಮನೆಗೆ ಉಣ್ಣೆಯ ದಾರ ತಂದುಕೊಡುತ್ತಿದ್ದವಳು. ಅವಳು ಎರಡನ್ನೂ ತನ್ನ ಹಿಂಡಿನಲ್ಲಿ ಸೇರಿಸಿಕೊಳ್ಳಲು ಒಪ್ಪಿ ಬಂದಿದ್ದಳು. ನಾನು ಗಂಟುಮೂಟೆ ಕಟ್ಟಿ ಪಡಸಾಲೆಗೆ ಬಂದಾಗ ಗೂಟದ ಮೇಲೆ ಆ ಸರ ಇರಲಿಲ್ಲ. ಮಾವ ತಾವೇ ಇಟ್ಟುಕೊಂಡಿರಬೇಕು ಅಂದುಕೊಂಡೆ. ನಾನು ಸೆರಗು ಹೊದ್ದು ಕೂತಿದ್ದರಿಂದ ಮಾವ, ಸೊಸೆಯ ಕೊರಳಲ್ಲಿದೆ ಅಂದುಕೊಂಡರು.

ನಿಜಾಮರ ಗಡಿ ದಾಟಿ ತಾಳಿಕೋಟೆಯಲ್ಲಿ ಬಂಧುಗಳ ಮನೆ ಮುಟ್ಟಿ, ಬಂಡಿ ಇಳಿದು ಕಾಲು ತೊಳೆಯುವಾಗ ಅವರು ನನ್ನ ಕೊರಳು ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಮಾವ ಏನೂ ಆಗಿಲ್ಲವೆಂಬಂತೆ ಅತ್ತೆಯನ್ನು ಗೂಟದ ಮೇಲಿನ ಸರದ ಬಗ್ಗೆ ಕೇಳಿದರು.

“ಆ ಕರಿಮಣಿ ಸರಾನಾ? ಮರಿ ಕೊಳ್ಳಾಗ ಕಟ್ಟೀನಿ. ಹಾದಿಮ್ಯಾಗ ಎಂಥೆಂಥ ಕಣ್ಣು ಬೀಳ್ತಾವೋ ಏನೋ. ಯಾಕ್ರಿ?”

“ಏನಿಲ್ಲ,” ಎಂದರು ಮಾವ.

ಚಂದದ ಮರಿಗೆ ದೃಷ್ಟಿ ತಾಕದಿರಲೆಂದು ಕರಿಮಣಿ ಕಟ್ಟುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಅತ್ತೆಯ ತಪ್ಪೇನೂ ಇರಲಿಲ್ಲ. ಆದರೆ ಪರರ ಮನೆಯ ಮದುವೆಯ ಚಿನ್ನ ಈಗ ಬಿಳಿ ಮರಿಯ ಕೊರಳಲ್ಲಿ, ಯಾವ ಗುಡ್ಡದಲ್ಲಿ ಮೇಯುತ್ತಿದೆಯೋ ಗೊತ್ತಿರಲಿಲ್ಲ. ಹೇಳಿದರೆ ಸುದ್ದಿ ಹಬ್ಬಿ ಯಾರಾದರೂ ಮಾಳವ್ವನ ಜೀವಕ್ಕೇ ಕುತ್ತು ತಂದಾರು ಎಂದು ಮಾವ ಅತ್ತೆಗೆ ಆಗಲೂ ಹೇಳಲಿಲ್ಲ. ತಾಳಿಕೋಟೆಯಲ್ಲಿ ಕಳೆದ ಆ ತಿಂಗಳುಗಳಲ್ಲಿ ಅವರ ಊಟ ಅರ್ಧವಾಯಿತು. ಬೀದಿಯಲ್ಲಿ ಆಡು ಹೋದರೆ ಸಾಕು, ಎದ್ದು ಹೋಗಿ ಕೊರಳು ನೋಡಿ ಬರುತ್ತಿದ್ದರು. ಬಂಧುಗಳು, ಮಾವನಿಗೆ ಆಡಿನ ವ್ಯಾಪಾರ ಮಾಡುವ ಮನಸ್ಸಾಗಿದೆ ಎಂದು ತಮಾಷೆ ಮಾಡುತ್ತಿದ್ದರು. ನನಗೆ ನಗು ಬರುತ್ತಿತ್ತು, ನಕ್ಕ ಮೇಲೆ ಅಳು ಬರುತ್ತಿತ್ತು.

ಕೊನೆಗೆ ರಾಜ್ಯ ಹಿಂದೂಸ್ತಾನಕ್ಕೆ ಕೂಡಿತು. ಸುಲಿಗೆಯಲ್ಲಿ ಮೊದಲು ಒಂದು ಓಣಿಯವರು ಅತ್ತಿದ್ದರು, ಆಮೇಲೆ ಅದರ ಸೇಡಿನಲ್ಲಿ ಇನ್ನೊಂದು ಓಣಿಯವರು ಅತ್ತರು. ಅದನ್ನು ಈಗ ಎತ್ತುವುದಿಲ್ಲ. ನಾವು ಸುರಪುರಕ್ಕೆ ಬಂದಾಗ ಮನೆಯ ಕದ ಮುರಿದಿತ್ತು. ಪಡಸಾಲೆಯ ಗೂಟಗಳು ಬರಿದಾಗಿದ್ದವು. ಅಗ್ಗದ ಗಾಜಿನ ಸರಗಳನ್ನೂ ಒಂದು ಬಿಡದೆ ಒಯ್ದಿದ್ದರು. ಮಾವ ಹೋಗಿ ಆ ಬರಿ ಗೂಟವನ್ನು ಮುಟ್ಟಿ ನೋಡಿದರು. ಅವರ ಉಪಾಯ ನೆಚ್ಚಿ ಸರವನ್ನು ಅಲ್ಲೇ ಬಿಟ್ಟಿದ್ದರೆ ಅದೂ ಹೋಗಿರುತ್ತಿತ್ತು.

ಅಷ್ಟರಲ್ಲಿ ಶಹಾಪುರದಿಂದ ಬಸಮ್ಮ ಹೇಳಿಕಳಿಸಿದರು. ಮನೆಗೆ ತಿರುಗಿ ಬಂದಿದ್ದಾರಂತೆ, ಮಗಳ ಮದುವೆ ಗೊತ್ತಾಗಿದೆಯಂತೆ, ಬರುವ ಸಂತೆಗೆ ಬಂದು ಸರ ಒಯ್ಯುತ್ತಾರಂತೆ. ಮಾವ ಮುಖ ತೊಳೆಯದೆ ಹೊರಟರು. ಹಿಂಡುಗಳು ತಿಂಥಣಿಯ ಹತ್ತಿರ ಹೊಳೆದಂಡೆಯಲ್ಲಿ ಬೀಡುಬಿಟ್ಟಿವೆ ಎಂದು ಯಾರೋ ಹೇಳಿದ್ದರು. ಅತ್ತೆ ತಮ್ಮ ಆಡು ತರಲು ತಾವೂ ಬರುತ್ತೇನೆಂದು ಬಂಡಿ ಹತ್ತಿದರು. ತುಂಬಿದ ಬಸುರಿ ನಾನೂ ಹತ್ತಿದೆ.

ಹೊಳೆದಂಡೆಯಲ್ಲಿ ಮಾಳವ್ವ ಸಿಕ್ಕಳು. ಅತ್ತೆಯ ಆಡೂ ಸಿಕ್ಕಿತು. ಬಿಳಿ ಮರಿ ಬೆಳೆದು ದೊಡ್ಡದಾಗಿತ್ತು, ಕೊರಳು ಬೋಳಾಗಿತ್ತು. ಮಾವ ಅದನ್ನು ಹಿಡಿದು ಕೊರಳ ಕೂದಲನ್ನು ಬೆರಳಿಂದ ಸರಿಸಿ ಸರಿಸಿ ನೋಡಿದರು. ಮಾಳವ್ವ ಸುತ್ತ ನೋಡಿದಳು. ಅವಳ ಗಂಡ ದೂರದಲ್ಲಿ ಕುರಿಗೆ ನೀರು ಕುಡಿಸುತ್ತಿದ್ದ. ಅವಳು ಹಿಂಡಿನ ನಾಯಿಯನ್ನು ಕರೆದಳು. ಕರಿಯ ಎಂಬ ಆ ನಾಯಿ ನಮ್ಮನ್ನು ಹರಿದು ತಿನ್ನುವಂತೆ ನೋಡುತ್ತ ಬಂದಿತು. ಅದರ ಕೊರಳಿಗೆ ಉಣ್ಣೆಯ ದಪ್ಪ ಕರಿ ಪಟ್ಟಿಯೊಂದಿತ್ತು. ಮಾಳವ್ವ ಅದನ್ನು ಬಿಚ್ಚಿ ಅತ್ತೆಯ ಉಡಿಯಲ್ಲಿ ಹಾಕಿದಳು. ನೋಡಿದರೆ ಪಟ್ಟಿಯಲ್ಲ, ಸರ. ಒಂದೊಂದು ಗುಂಡಿಗೂ ಬೇರೆ ಬೇರೆಯಾಗಿ ಕರಿ ಉಣ್ಣೆ ಸುತ್ತಿ, ನಡುನಡುವೆ ಗಂಟು ಹಾಕಿದ್ದಳು. ನನ್ನ ಗಂಟಿಗಿಂತ ಚೆನ್ನಾಗಿತ್ತು.

“ಮರಿ ಕಲ್ಲಿಗೆ ಕೊಳ್ಳು ತಿಕ್ಕಿ ಮ್ಯಾಗಿನ ಕರಿ ಕಿತ್ತು ಹಳದಿ ಕಂಡ್ತರಿ ಅಕ್ಕಾರ. ಎದಿ ಝಲ್ ಅಂತು. ಆಮ್ಯಾಗ ತಿಳೀತು, ನನ್ನ ನಂಬಿ ಕಟ್ಟ್ಯಾರ ಅಂತ. ನೀವು ಮುಚ್ಚಿದ್ದು ನಾ ಯಾಕ ಬಿಚ್ಚಲಿ? ನನ್ನ ಗಂಡಗೂ ಹೇಳಿಲ್ರಿ. ಆಡಿಗಾದ್ರ ಯಾರರ ಕೈ ಹಾಕ್ತಾರ, ಈ ನಾಯಿಗೆ ಯಾರು ಹಾಕ್ತಾರ?”

ಹೇಳುವಾಗ ಅವಳ ಮುಖದಲ್ಲಿ ಎಂಥ ಹೆಮ್ಮೆಯಿತ್ತೆಂದರೆ, ಇವತ್ತಿಗೂ ನೆನೆದರೆ ನನ್ನ ಕಣ್ಣು ತುಂಬುತ್ತದೆ. ಸುರಪುರದ ಪಟವೇಗಾರರು ಊರಿನ ಗೌಡರನ್ನಲ್ಲ, ಸಾಹುಕಾರರನ್ನಲ್ಲ, ತನ್ನನ್ನು ನಂಬಿದರು ಎಂಬ ಹೆಮ್ಮೆ. ಅತ್ತೆ ಒಂದು ಗುಂಡಿನ ಉಣ್ಣೆ ಬಿಡಿಸಿದರು. ಹಳದಿ ಕಂಡಿತು. ಮಾವನ ಮುಖ ನೋಡಿದರು, ನನ್ನ ಮುಖ ನೋಡಿದರು. ಎಲ್ಲ ತಿಳಿಯಿತು ಅವರಿಗೆ. ಈಗ ಅತ್ತೆ ಬಾಯಿ ಬಿಡುತ್ತಾರೆ, ಅಯ್ಯೋ ನನಗೆ ಗೊತ್ತೇ ಇರಲಿಲ್ಲ ಅನ್ನುತ್ತಾರೆ, ಮಾಳವ್ವನ ಆ ಮುಖ ಬಾಡುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

“ಹೌದವ್ವ,” ಎಂದರು ಅತ್ತೆ. “ನಿನ್ನ ಬಿಟ್ರ ಇನ್ಯಾರ್ನ ನಂಬಬೇಕಿತ್ತು ನಾವು?”

ಮಾವ ಎಣಿಸಿದರು. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದರು. ಎಲ್ಲ ಸರಿಯಾಗಿತ್ತು. ಹೊಳೆಯ ಗಾಳಿ ಅಷ್ಟು ತಂಪಾಗಿದೆ ಎಂಬುದು ನನಗೆ ಆಗ ಗೊತ್ತಾಯಿತು. ಮಾಳವ್ವ ಕೊಟ್ಟ ರೊಟ್ಟಿಯನ್ನು ಮಾವ ಎಷ್ಟೋ ತಿಂಗಳ ನಂತರ ಹೊಟ್ಟೆ ತುಂಬ ತಿಂದರು.

ಬಂಡಿಯಲ್ಲಿ ತಿರುಗಿ ಬರುವಾಗ ಅತ್ತೆ ಒಂದು ಮಾತೂ ಆಡಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಊರು ಹತ್ತಿರವಾದಾಗ ಮಾವನ ಕಡೆ ನೋಡದೆ ಹೇಳಿದರು: “ನನಗ ಒಂದು ಮಾತು ಹೇಳಬೇಕಿತ್ತು ನೀವು.”

“ಹೇಳಬೇಕಿತ್ತು,” ಎಂದರು ಮಾವ.

ಮಾವ ಅರಗು ಬಿಡಿಸಿ, ಗುಂಡುಗಳನ್ನು ಅಂಟವಾಳದ ನೀರಲ್ಲಿ ತೊಳೆದು, ಹೊಸ ರೇಷ್ಮೆಯಲ್ಲಿ ಪೋಣಿಸಿದರು. ಹವಳ ನಾನೇ ಜೋಡಿಸಿದೆ. ಆದರೆ ಎಷ್ಟು ತೊಳೆದರೂ ಆ ವಾಸನೆ ಹೋಗಲಿಲ್ಲ, ಅಥವಾ ನನ್ನ ಮೂಗಿನಿಂದ ಹೋಗಲಿಲ್ಲ. ಬಸಮ್ಮ ಸಂತೆಯ ದಿನ ಬಂದು, ಸರ ಕೊರಳಿಗೆ ಹಿಡಿದು ನೋಡಿ ಬಹಳ ಮೆಚ್ಚಿದರು. ಆಮೇಲೆ ಮೂಗು ಅರಳಿಸಿ, ಏನೋ ಆಡಿನ ವಾಸನೆ ಬಂದಂತಾಯಿತು ಎಂದರು. ಮಾವ ಬೆವೆತರು. ಅತ್ತೆ ನಿರಾಳವಾಗಿ, ಹಿತ್ತಲಲ್ಲಿ ಆಡು ಕಟ್ಟಿದ್ದೇವಲ್ಲ ಎಂದರು. ಸುಳ್ಳೇನಲ್ಲವಲ್ಲ.

ಅತ್ತೆ ಆ ಸಂಗತಿಯನ್ನು ಸಾಯುವವರೆಗೆ ಯಾರಿಗೂ, ಸೊಲ್ಲಾಪುರದಿಂದ ತಿರುಗಿ ಬಂದ ಮಗನಿಗೂ, ಹೇಳಲಿಲ್ಲ. ಉಳಿದದ್ದೆಲ್ಲ ಮೊದಲಿನಂತೆಯೇ ಓಣಿಗೆ ಹಂಚುತ್ತಿದ್ದರು, ಅದರಲ್ಲಿ ಕಡಿಮೆಯಾಗಲಿಲ್ಲ. ಆದರೆ ಮಂದಿ ತಂದ ಚಿನ್ನವನ್ನು ಮಾವ ಅಂದಿನಿಂದ ಅತ್ತೆಯ ಕೈಗೇ ಕೊಟ್ಟರು. ಮಾಳವ್ವನೂ ಮುಂದಿನ ವರ್ಷ ಹಿಂಡು ಹೊಡೆದುಕೊಂಡು ದೂರ ಹೊರಟಾಗ, ತನ್ನ ಬೆಳ್ಳಿ ಕಡಗ, ಕಾಲುಂಗುರ ಎಲ್ಲ ತಂದು ಅತ್ತೆಯ ಉಡಿಯಲ್ಲಿ ಹಾಕಿ ಹೋದಳು. ಯಾಕೆಂದು ಅತ್ತೆಯೂ ಕೇಳಲಿಲ್ಲ. ಆಮೇಲೆ ಪ್ರತಿ ವರ್ಷವೂ ಹಾಗೆಯೇ ನಡೆಯಿತು.

ಯಾದಗಿರಿಯಿಂದ ಬಸ್ಸಿನಲ್ಲಿ ಬರುವಾಗ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ನಕ್ಕು ನಕ್ಕು ಸುಸ್ತಾಗಿ, ಆಮೇಲೆ ತನ್ನ ಗೆಳತಿಯ ಮಾತು ತೆಗೆದಳು. ಮಾಳವ್ವನ ಮೊಮ್ಮಗಳು ಅವಳ ಗೆಳತಿ, ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ, ಮದುವೆಗೆ ಬರುವವಳಿದ್ದಾಳೆ. ಪಟವೇಗಾರರು ತಮ್ಮಜ್ಜಿಯನ್ನು ನಂಬಿ ಆಡಿನ ಕೊರಳಿಗೆ ಚಿನ್ನ ಕಟ್ಟಿದ್ದರು ಎಂಬ ಕಥೆ ಅವರ ಮನೆಯ ಮದುವೆ ಮುಂಜಿಯಲ್ಲೆಲ್ಲ ಈಗಲೂ ಹೇಳುತ್ತಾರಂತೆ.

“ಅಜ್ಜಿ, ಆಕಿ ಕೇಳಿದ್ರ ನಾ ಏನಂತ ಹೇಳಲಿ?” ಎಂದಳು ಮೊಮ್ಮಗಳು.

ಇಷ್ಟು ವರ್ಷ ನಾನು ಅದನ್ನು ನಾವು ಮೂವರು ಕಾಯ್ದ ಒಂದು ಸುಳ್ಳು ಎಂದೇ ಎದೆಯಲ್ಲಿ ಹೊತ್ತಿದ್ದೆ. ಕಥೆಯನ್ನು ಬಾಯಿಬಿಟ್ಟು ಹೇಳಿದ ಮೇಲೆ ಮಾಳವ್ವ ವರ್ಷವರ್ಷವೂ ತಂದು ಹಾಕುತ್ತಿದ್ದ ಆ ಬೆಳ್ಳಿ ಕಣ್ಣ ಮುಂದೆ ಬಂತು. ಸುಳ್ಳಾಗಿ ಶುರುವಾದ ನಂಬಿಕೆಯನ್ನು ಅವಳೂ ಅತ್ತೆಯೂ ವರ್ಷವರ್ಷವೂ ನಿಜ ಮಾಡಿದ್ದರು.

“ನಂಬಿ ಕಟ್ಟಿದ್ರು ಅಂತ ಹೇಳು,” ಎಂದೆ. ನೀವೂ ಎಂದಾದರೂ ಆ ಕಡೆ ಹೋಗಿ, ಯಾರಾದರೂ ಕೇಳಿದರೆ, ಹಾಗೆಯೇ ಹೇಳಿ.