ಬ್ರೇಕ್ ಮೇಡಂ ಮನೆಗೆ ಎರಡನೆಯದು ಬಂದದ್ದು

ಆ ಬಡಾವಣೆಯಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಬ್ರೇಕ್ ಮೇಡಂ ಕೈಯಲ್ಲಿ ಪಳಗಿದವರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದಲ್ಲ, ಹನ್ನೊಂದು ವರ್ಷದಲ್ಲಿ ಅವಳು ಅದನ್ನು ತುಳಿದು ತುಳಿದು ಅದರ ರಬ್ಬರು ಮೂರು ಸಲ ಸವೆದಿತ್ತು. ಹೆಸರು ಬಿದ್ದದ್ದು ಹಾಗೆ. ದನಿ ಏರಿಸುವ ಜಾಯಮಾನ ಅವಳದಲ್ಲ. ಎದುರಿಗೆ ಲಾರಿ ನುಗ್ಗಿ ಬರುತ್ತಿದ್ದರೂ "ಗಾಬರಿ ಬೇಡ, ಸ್ವಲ್ಪ ಪಕ್ಕಕ್ಕೆ ತಗೊಳ್ಳಿ" ಎನ್ನುವಳು. ಕಲಿಯುವವರಿಗೆ ಆ ಮಾತು ಧೈರ್ಯ ಕೊಡುತ್ತಿತ್ತು. ಅವಳ ಗಂಡನಿಗೆ ಮಾತ್ರ ಮನೆಯಲ್ಲಿ ಅವಳು "ಗಾಬರಿ ಬೇಡ" ಅಂದರೆ ಸಾಕು, ಬೆವರು ಕಿತ್ತುಕೊಂಡು ಬರುತ್ತಿತ್ತು. ಅಂಥ ಮಾತಿನ ಹಿಂದೆ ಒಂದಲ್ಲ ಒಂದು ಲಾರಿ ಇದ್ದೇ ಇರುತ್ತದೆ ಎಂದು ಅವನಿಗೆ ಮದುವೆಯಾದ ವರ್ಷವೇ ತಿಳಿದುಹೋಗಿತ್ತು.

ಗಂಡ ಗಡಿಯಾರ ರಿಪೇರಿಯವನು. ಮಾರ್ಕೆಟ್ಟಿನ ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ದಿನವಿಡೀ ಉಸಿರು ಬಿಗಿಹಿಡಿದು ಕೂತಿರುವ ಕೆಲಸ. ಇವರಿಗೆ ಐದು ವರ್ಷದ ಮಗಳು. ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡೇ ಇರುತ್ತಿದ್ದ ಅವಳನ್ನು ಮನೆಯವರು, ಬೀದಿಯವರು ಎಲ್ಲರೂ ಲಾಯರ್ ಎಂದೇ ಕರೆಯುತ್ತಿದ್ದರು.

ಎರಡನೆಯದು ಹೊಟ್ಟೆಯಲ್ಲಿದೆ ಎಂದು ಗೊತ್ತಾದಾಗ ಲಾಯರಿಗೆ ಹೇಗೆ ತಿಳಿಸುವುದು ಎಂಬುದೇ ದೊಡ್ಡ ತಲೆನೋವಾಯಿತು. ಸಮಯ ನೋಡಿ ನಾನೇ ಹೇಳುತ್ತೇನೆ ಎಂದು ಮೇಡಂ ಅಂದುಕೊಂಡಿದ್ದಳು. ಅಷ್ಟರಲ್ಲಿ ಗಂಡ ಬಾಯಿ ತಪ್ಪಿ, "ನಿನ್ನ ಜೊತೆ ಆಡೋಕೆ ಒಬ್ಬರು ಬರ್ತಿದಾರೆ" ಅಂದುಬಿಟ್ಟ. ಲಾಯರ್ ಕಿವಿ ನೆಟ್ಟಗಾಯಿತು. ಯಾವತ್ತು ಬರುತ್ತಾರೆ, ಎಷ್ಟು ಎತ್ತರ ಇದ್ದಾರೆ, ಅವರ ಆಟದ ಸಾಮಾನು ಅವರೇ ತರುತ್ತಾರೋ ಹೇಗೆ ಎಂದು ಒಂದೇ ಉಸಿರಿಗೆ ಕೇಳಿದಳು. ಅಪ್ಪ ಎಲ್ಲದಕ್ಕೂ ಹ್ಞೂಂ ಹ್ಞೂಂ ಎಂದು ತಲೆಯಾಡಿಸಿದ. ಆ ತಲೆಯಾಡಿಸುವಿಕೆ ಮುಂದೆ ಅವನಿಗೆ ಭಾರೀ ದುಬಾರಿಯಾಯಿತು.

ಮೇಡಂ ತುಂಬಿದ ಬಸುರಿಯಾದರೂ ಕೆಲಸ ಬಿಡಲಿಲ್ಲ. ಕೂತುಕೊಂಡು ಮಾಡುವ ಕೆಲಸ ತಾನೇ ಎನ್ನುವುದು ಅವಳ ವಾದ. ಹೊಟ್ಟೆ ಬೆಳೆದಂತೆ ಸೀಟು ಹಿಂದಕ್ಕೆ ಸರಿಯಿತು, ಸೀಟು ಸರಿದಂತೆ ಬ್ರೇಕು ದೂರವಾಯಿತು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಹತ್ತು ದಿನ ಇದ್ದಾಗ, ಇದೇ ಕೊನೇ ಪಾಠ ಎಂದುಕೊಂಡು ಅವಳು ಒಂದು ಬೆಳಗ್ಗೆ ಮೇಷ್ಟ್ರ ಪಕ್ಕ ಕೂತಳು.

ಮೇಷ್ಟ್ರು ರಿಟೈರಾದ ಹೆಡ್‌ಮಾಸ್ಟರು. ಟೆಸ್ಟಿನಲ್ಲಿ ಎರಡು ಸಲ ಫೇಲಾದವರು. ಎರಡನೇ ಗೇರಿನಿಂದ ಮೇಲಕ್ಕೆ ಹೋಗುವುದು ಅವರ ಪ್ರಕಾರ ದುಡುಕು. ಗಂಟೆ ಹನ್ನೊಂದರ ಹೊತ್ತಿಗೆ, ದೊಡ್ಡ ವೃತ್ತ ದಾಟಿದ ಮೇಲೆ, ಮೇಡಂ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಎಂದಿನ ದನಿಯಲ್ಲೇ ಹೇಳಿದಳು.

"ಮೇಷ್ಟ್ರೇ, ಗಾಬರಿ ಬೇಡ. ಮುಂದೆ ಬಲಕ್ಕೆ ತಿರುಗಿಸಿ. ಆಸ್ಪತ್ರೆಗೆ ಹೋಗೋಣ."

"ಇವತ್ತಿನ ಪಾಠ ರಿವರ್ಸ್ ಅಲ್ವೇನಮ್ಮಾ?"

"ರಿವರ್ಸ್ ಆಮೇಲೆ. ಈಗ ಮೂರನೇ ಗೇರು."

ವಿಷಯ ತಲೆಗೆ ಹೋದದ್ದೇ ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಮೂರನೇ ಗೇರು ಹಾಕಿದರು. ಹಾಗಂತ ಶಿಸ್ತು ಬಿಡಲಿಲ್ಲ. ಹಳದಿ ದೀಪಕ್ಕೂ ನಿಲ್ಲಿಸಿದರು, ಖಾಲಿ ರಸ್ತೆಯಲ್ಲೂ ಇಂಡಿಕೇಟರ್ ಹಾಕಿದರು, ಜೀಬ್ರಾ ಪಟ್ಟಿಯ ಮೇಲೆ ಒಂದು ನಾಯಿ ನಿಧಾನವಾಗಿ ದಾಟಿ, ಏನೋ ಮರೆತಂತೆ ವಾಪಸ್ಸು ಹೊರಟಾಗ ಅದಕ್ಕೂ ಕಾದರು. ಮೇಡಂಗೆ ಒಂದೊಂದು ನೋವಿಗೂ ಪ್ರಾಣ ಹೋಗಿ ಬರುತ್ತಿತ್ತು. ಆದರೂ ಹಿಂದಿನಿಂದ ಸ್ಕೂಟರಿನವನು ಹಾರ್ನ್ ಹೊಡೆದಾಗ, "ಅವನ ಪಾಡಿಗೆ ಅವನು ಹೊಡ್ಕೊಳ್ಳಲಿ, ಮೇಷ್ಟ್ರೇ, ನೀವು ನಿಮ್ಮ ಲೇನ್ ಬಿಡಬೇಡಿ" ಅಂದಳು. ಆಸ್ಪತ್ರೆ ಬಾಗಿಲಲ್ಲಿ ನರ್ಸು ಗಾಲಿಕುರ್ಚಿ ತಂದು ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೂ ಮೇಷ್ಟ್ರು ಒಬ್ಬರೇ ಎರಡು ಬಿಳಿ ಗೆರೆಗಳ ನಡುವೆ ಕಾರನ್ನು ಹಿಂದಕ್ಕೆ ಮುಂದಕ್ಕೆ ಮಾಡುತ್ತಿದ್ದರು. ಕಾರು ನೆಟ್ಟಗೆ ನಿಲ್ಲುವುದರೊಳಗೆ ಗಂಡುಮಗು ಹುಟ್ಟಿಯಾಗಿತ್ತು.

ಗಂಡ ಓಡಿ ಬಂದ. ಕಣ್ಣಿನ ಮಸೂರ ತೆಗೆಯುವುದನ್ನೂ ಮರೆತಿದ್ದ. ಸಂಜೆ ಲಾಯರನ್ನು ಕರೆತಂದರು. ಅವಳು ತೊಟ್ಟಿಲ ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇದು ಯಾವಾಗ ಆಡಲು ಶುರು ಮಾಡುತ್ತದೆ ಎಂದು ವಿಚಾರಿಸಿದಳು. ಇನ್ನೊಂದು ವರ್ಷವಾದರೂ ಬೇಕು ಎಂದು ಅಪ್ಪ ತಡವರಿಸಿದ.

"ಆವಾಗ ನೀನು ಇದನ್ನ ಹೇಳ್ಲಿಲ್ಲ" ಎಂದಳು ಲಾಯರ್. ಅಷ್ಟೇ. ಆದರೆ ಮನೆ ತಲುಪುವವರೆಗೂ ಅಪ್ಪನ ಕೈ ಹಿಡಿಯಲಿಲ್ಲ.

ಬಾಣಂತಿಯನ್ನು ನೋಡಿಕೊಳ್ಳಲು ಮೇಡಂನ ಅಮ್ಮ ಬಂದರು. ಅವರಿಗೆ ಕಿವಿ ಮಂದ. ರಾತ್ರಿ ಮಲಗುವಾಗ ಕಿವಿಯ ಮೆಷೀನು ತೆಗೆದಿಟ್ಟು ಗೊರಕೆ ಹೊಡೆದರೆ, ಬೆಳಗ್ಗೆ ಎದ್ದು, "ಎಂಥ ಸಾಧು ಮಗು, ಒಂದು ಸಲವೂ ಕುಂಯ್ ಅನ್ನಲಿಲ್ಲ" ಎಂದು ಮೆಚ್ಚಿಕೊಳ್ಳುತ್ತಿದ್ದರು. ನಾಲ್ಕು ಸಲ ಎದ್ದು ಕಣ್ಣು ಕೆಂಡವಾಗಿದ್ದ ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಗಂಡ ತನ್ನ ಪಾಲಿಗೆ ಒಂದು ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಎರಡೂವರೆ ಗಂಟೆಗೊಮ್ಮೆ ಹಾಲು, ಇಂತಿಷ್ಟು ನಿಮಿಷ ನಿದ್ದೆ. ಹಾಳಾದ ಗಡಿಯಾರಗಳನ್ನೆಲ್ಲ ದಾರಿಗೆ ತಂದವನಿಗೆ ಮೂರು ಕೆಜಿಯ ಮಗು ಯಾವ ಮಹಾ ಎನ್ನುವ ಹುಮ್ಮಸ್ಸು. ಮಗು ಆ ಪಟ್ಟಿಗೆ ಕವಡೆ ಕಿಮ್ಮತ್ತು ಕೊಡಲಿಲ್ಲ. ಸಾಸಿವೆಗಿಂತ ಸಣ್ಣ ತಿರುಪು ಕೂರಿಸುವ ಅವನ ಬೆರಳು, ಮಗುವಿನ ಅಂಗಿಯ ನಾಲ್ಕು ಗುಂಡಿಗಳಲ್ಲಿ ದಿನವೂ ಒಂದನ್ನು ತಪ್ಪು ಕಾಜಕ್ಕೇ ಹಾಕುತ್ತಿತ್ತು.

ಲಾಯರ್ ಮೊದಲ ತಿಂಗಳು ಎಷ್ಟು ಒಳ್ಳೆಯ ಹುಡುಗಿಯಾಗಿದ್ದಳೆಂದರೆ ಅನುಮಾನ ಬರಬೇಕಿತ್ತು. ಯಾರಿಗೂ ಬರಲಿಲ್ಲ, ಅನುಮಾನಪಡಲು ಪುರುಸೊತ್ತು ಬೇಕಲ್ಲ. ಆಮೇಲೆ ಒಂದು ದಿನ ತನಗೂ ಹಾಲು ಬಾಟಲಿಯಲ್ಲೇ ಬೇಕು ಎಂದಳು. ಮರುದಿನ ಸ್ಕೂಲಿನಿಂದ ಬಂದು ಯೂನಿಫಾರಂ ಸಮೇತ ತೊಟ್ಟಿಲಿಗೆ ಹತ್ತಿ ಮಲಗಿದಳು. ಇಳಿಯಲು ಹೋದಾಗ ಮೊಣಕಾಲು ಕಂಬಿಗಳ ನಡುವೆ ಸಿಕ್ಕಿಕೊಂಡಿತು. ಅಪ್ಪನ ಬಳಿ ಇದ್ದದ್ದೆಲ್ಲ ಗಡಿಯಾರದ ಸ್ಕ್ರೂಡ್ರೈವರು. ತೊಟ್ಟಿಲ ತಿರುಪು ಬಿಚ್ಚಲು ಮುಕ್ಕಾಲು ಗಂಟೆ ಹಿಡಿಯಿತು, ಮೂರು ಸ್ಕ್ರೂಡ್ರೈವರು ಬಾಗಿಹೋದವು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೇಡಂಗೂ ನಗು ತಡೆಯಲಾಗಲಿಲ್ಲ. ಲಾಯರ್ ನಗಲಿಲ್ಲ. ಕೆಂಪಾದ ಮೊಣಕಾಲು ಸವರಿಕೊಂಡು ಒಳಗೆ ಹೋದಳು. ಮೇಡಂ ಮನಸ್ಸಿಗೆ ಏನೋ ಚುಚ್ಚಿತು, ಆದರೆ ಅಷ್ಟರಲ್ಲಿ ಚಿಕ್ಕವನು ಅತ್ತ.

ಅದಾದ ಮೂರನೇ ದಿನ ಭಾನುವಾರ. ಹತ್ತು ಗಂಟೆಗೆ ನೋಡಿದರೆ ಲಾಯರ್ ಇಲ್ಲ. ಮಂಚದ ಕೆಳಗಿಲ್ಲ, ಟೆರೇಸಿನಲ್ಲಿಲ್ಲ. ಕೊನೆಗೆ ಸಿಕ್ಕಿದ್ದು ಇವರ ಮಹಡಿ ಮನೆಯ ಕೆಳಗೆ, ಮೇಡಂ ರಜೆ ಹಾಕಿದಾಗಿನಿಂದ ಸುಮ್ಮನೆ ನಿಂತಿದ್ದ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ. ಮೊಳೆಗೆ ತೂಗುಹಾಕಿದ್ದ ಕೀ ಎತ್ತಿಕೊಂಡು ಹೋಗಿ, ಡ್ರೈವರ್ ಸೀಟಿನಲ್ಲಿ ಕೂತು ಒಳಗಿನಿಂದ ಲಾಕ್ ಮಾಡಿಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ಒಂದು ದಿಂಬು, ಬಿಸ್ಕತ್ತಿನ ಡಬ್ಬಿ, ಬಣ್ಣದ ಪೆನ್ಸಿಲು. ಗಾಜನ್ನು ಎರಡು ಬೆರಳಗಲ ಇಳಿಸಿ, ತಾನು ಇನ್ನು ಮುಂದೆ ಇಲ್ಲೇ ಇರುವುದಾಗಿಯೂ, ನೀವು ಅಷ್ಟೂ ಜನ ಮೇಲೆ ಆರಾಮಾಗಿ ಇರಬಹುದೆಂದೂ ತಿಳಿಸಿದಳು.

ಅಪ್ಪ ಐಸ್‌ಕ್ರೀಮಿನ ಆಸೆ ತೋರಿಸಿದ. ಗಾಜು ಮೇಲೇರಿತು. ಅಜ್ಜಿ ಬಂದು ಗದರಿಸಿದರು. ಲಾಯರ್ ಹಾರ್ನ್ ಒತ್ತಿದಳು. ಅದು ಅಜ್ಜಿಗೂ ಕೇಳಿಸಿತು.

ಕೊನೆಗೆ ಮೇಡಂ ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದು ಬಂದಳು. ಮಗುವನ್ನು ಗಂಡನ ಕೈಗಿಟ್ಟು ಮೇಲೆ ಕಳಿಸಿ, ಪಕ್ಕದ ಸೀಟಿನ ಬಾಗಿಲು ತಟ್ಟಿದಳು. ಸ್ವಲ್ಪ ಹೊತ್ತು ಯೋಚಿಸಿ ಲಾಯರ್ ಅದೊಂದನ್ನು ತೆಗೆದಳು. ಮೇಡಂ ತನ್ನ ಹಳೇ ಜಾಗದಲ್ಲಿ ಕೂತಳು. ಇಬ್ಬರೂ ಎದುರಿನ ಗೋಡೆ ನೋಡಿದರು.

"ಕನ್ನಡಿ ಸರಿ ಮಾಡ್ಕೊಳ್ಳಿ" ಎಂದಳು ಮೇಡಂ, ಕಲಿಯಲು ಬಂದ ದೊಡ್ಡವರಿಗೆ ಹೇಳುವಂತೆ.

ಲಾಯರ್ ನಿಂತುಕೊಂಡು ಕನ್ನಡಿ ತಿರುಗಿಸಿದಳು.

"ಬೆಲ್ಟ್ ಹಾಕ್ಕೊಳ್ಳಿ. ಎಲ್ಲಿಗೆ ಹೋಗಬೇಕು?"

"ಸ್ಕೂಲಿಗೆ."

"ಇವತ್ತು ಭಾನುವಾರ ಅಲ್ವಾ?"

ಲಾಯರ್ ಸ್ಟೀರಿಂಗನ್ನೇ ನೋಡುತ್ತ ಹೇಳಿದಳು: "ಸ್ಕೂಲಿಗೆ ಹೋಗುವಾಗ ನೀನು ನನ್ನ ಜೊತೆ ಮಾತ್ರ ಮಾತಾಡ್ತಿದ್ದೆ."

ಹೆರಿಗೆಗೆ ಮುಂಚೆ ದಿನಾ ಬೆಳಗ್ಗೆ ಇದೇ ಕಾರಿನಲ್ಲಿ ಮಗಳನ್ನು ಸ್ಕೂಲಿಗೆ ಬಿಡುತ್ತಿದ್ದದ್ದು ಮೇಡಂ. ಹನ್ನೆರಡು ನಿಮಿಷದ ದಾರಿ. ಈಗ ಆ ಕೆಲಸ ಅಪ್ಪನ ಸ್ಕೂಟರಿಗೆ ಹೋಗಿತ್ತು. ಪಕ್ಕದಲ್ಲಿ ಕೂತವರ ಕಾಲು ಎಲ್ಲಿ ತಡವರಿಸುತ್ತದೆ ಎಂದು ನೋಡದೆಯೇ ಹೇಳಬಲ್ಲ ತನಗೆ ಇದು ಕಾಣಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅದನ್ನೇ ಮಗಳಿಗೆ ಹೇಳಿದಳು. ತನಗೂ ಆ ಹನ್ನೆರಡು ನಿಮಿಷ ಬೇಕೆನ್ನಿಸುತ್ತದೆ ಎಂದೂ ಹೇಳಿದಳು.

ಆಗ ಲಾಯರ್ ಕರಾರುಗಳನ್ನು ಮುಂದಿಟ್ಟಳು. ದಿನಾ ಅರ್ಧ ಗಂಟೆ ಕಾರಿನಲ್ಲಿ ಇಬ್ಬರೇ ಕೂರಬೇಕು. ಮಗು ಬರಕೂಡದು. ಅಜ್ಜಿಯೂ ಬೇಡ. ಅಪ್ಪ ಬಾಯಿ ಮುಚ್ಚಿಕೊಂಡು ಹಿಂದೆ ಕೂರುವುದಾದರೆ ಆಗಾಗ ಬರಬಹುದು. ಚೌಕಾಸಿ ನಡೆದು ಅರ್ಧ ಗಂಟೆ ಇಪ್ಪತ್ತು ನಿಮಿಷಕ್ಕಿಳಿಯಿತು. ಅಷ್ಟು ಹೊತ್ತೂ ಮೇಲೆ ಚಿಕ್ಕವನು ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದ, ಗಂಡ ಬಾಲ್ಕನಿಯಲ್ಲಿ ಅವನನ್ನು ಹೆಗಲಿಗೆ ಹಾಕಿಕೊಂಡು ಶತಪಥ ತಿರುಗುತ್ತಿದ್ದ. ಮೇಡಂ ಎದೆ ಹಾಲು ಇಳಿದು ಅಂಗಿ ಒದ್ದೆಯಾಯಿತು. ಏಳಲು ಹೋಗಿ, ಮಗಳ ಮುಖ ನೋಡಿ, ಮತ್ತೆ ಕೂತಳು.

ಲಾಯರ್ ಇನ್ನೆರಡು ಸಲ ಗೇರು ಅಲ್ಲಾಡಿಸಿದಳು. ಆಮೇಲೆ ನಿಟ್ಟುಸಿರು ಬಿಟ್ಟು, "ಅವನು ತುಂಬಾ ಅಳ್ತಿದಾನೆ. ಇವತ್ತಿಗೆ ಸಾಕು, ನಾಳೆ ಮುಂದುವರಿಸೋಣ" ಎಂದು ಬೆಲ್ಟ್ ಬಿಚ್ಚಿದಳು.

ಪಾಠ ದಿನಾ ಸಂಜೆ ನಡೆಯಿತು. ಮೇಷ್ಟ್ರು ಮೂರನೇ ಸಲಕ್ಕೆ ಪಾಸಾಗಿ, ಲೈಸೆನ್ಸನ್ನು ಮೊದಲು ಚಿಕ್ಕವನಿಗೆ ತೋರಿಸಿ ಹೋದರು. ನಾಲ್ಕು ತಿಂಗಳಾದ ಮೇಲೆ ಮೇಡಂ ಬೆಳಗ್ಗೆ ಎರಡು ಗಂಟೆಯ ಮಟ್ಟಿಗೆ ಕೆಲಸಕ್ಕೆ ಹೊರಟಳು. ಆ ಹೊತ್ತಿಗೆ ಚಿಕ್ಕವನು ನಗಲು ಕಲಿತಿದ್ದ. ಅಕ್ಕ ಸೀನಿದರೆ ಮಾತ್ರ ನಗುತ್ತಿದ್ದ. ಲಾಯರಿಗೆ ಸುಳ್ಳುಸುಳ್ಳೇ ಸೀನಿ ಮೂಗು ಕೆಂಪಾಗಿತ್ತು.

ಅಂಥದ್ದೊಂದು ಬೆಳಗ್ಗೆ ಕೆಳಗಿನ ಮನೆಯ ಆಂಟಿ ಮೆಟ್ಟಿಲ ಬಳಿ ಚಿಕ್ಕವನನ್ನು ಎತ್ತಿಕೊಂಡು, ಇವನನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಲಾ ಎಂದು ಲಾಯರನ್ನು ಕೆಣಕಿದರು. ಲಾಯರ್ ಭುಜ ಕುಣಿಸಿ, "ಬೇಕಾದ್ರೆ ತಗೊಂಡು ಹೋಗಿ. ರಾತ್ರಿ ಆದ್ರೆ ನೀವೇ ವಾಪಸ್ ತಂದುಕೊಡ್ತೀರ" ಅಂದಳು. ಆಂಟಿ ನಗುತ್ತ ನಾಲ್ಕು ಮೆಟ್ಟಿಲು ಇಳಿದರು. ಆಮೇಲೆ ನೋಡಿದರೆ ಲಾಯರೂ ನಾಲ್ಕು ಮೆಟ್ಟಿಲು ಇಳಿದಿದ್ದಳು. ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದಳು. ಕೈ ಮಾತ್ರ ತಮ್ಮನ ಒಂದು ಪಾದವನ್ನು ಗಟ್ಟಿಯಾಗಿ ಹಿಡಿದಿತ್ತು.