ಕಣದಲ್ಲಿ ನಾಲ್ಕು ಮಿಂಚು

ಮಿಂಚಿನ ಫೋಟೊ ತೆಗೆಯುವುದು ಮಹಾ ಕಷ್ಟದ ವಿದ್ಯೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಶುದ್ಧ ಸುಳ್ಳು. ಕತ್ತಲಾದ ಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕಾಶದ ಕಡೆ ಮುಖ ಮಾಡಿ, ಅದರ ಕಣ್ಣನ್ನು ಅರ್ಧ ನಿಮಿಷ ತೆರೆದಿಟ್ಟರೆ ಆಯಿತು. ಅಷ್ಟು ಹೊತ್ತಿನಲ್ಲಿ ಎಷ್ಟು ಸಲ ಮಿಂಚಿತೋ ಅಷ್ಟೂ ಒಂದೇ ಫೋಟೊದಲ್ಲಿ ಬಂದು ಕೂರುತ್ತದೆ.

ನನಗೆ ಕಷ್ಟವಿದ್ದದ್ದು ಎಣಿಕೆಯಲ್ಲಿ. ಕ್ಯಾಮೆರಾ ಕೊಡ್ಲಿಪೇಟೆಯಲ್ಲಿ ಮದುವೆ ಫೋಟೊ ತೆಗೆಯುವ ಭಾವಮೈದುನ ಕೊಟ್ಟದ್ದು. ಹಳೆಯದು. ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆ ಕೆಟ್ಟಿತ್ತು; ವೈರಿನ ತುದಿಯ ಬಟನ್ ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುತ್ತಿತ್ತು. ನಾನು ಒಂದು, ಎರಡು ಎಂದು ಎಣಿಸಲು ಶುರು ಮಾಡುತ್ತಿದ್ದೆ. ಏಳಕ್ಕೋ ಎಂಟಕ್ಕೋ ಫಳ್ಳೆಂದು ಮಿಂಚಿದರೆ ಮುಗಿಯಿತು, ಹೋ ಎಂದು ಕುಣಿದು ಬಟನ್ ಬಿಟ್ಟಿರುತ್ತಿದ್ದೆ. ನಾನು ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಕೆಲಸದವರ ಹಾಜರಿ ಬರೆಯುವವನು. ಬೆಳಿಗ್ಗೆ ನೂರು ಜನರನ್ನು ತಪ್ಪಿಲ್ಲದೆ ಎಣಿಸುವ ನನಗೆ ಸಂಜೆ ಮೂವತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ.

ದಾರಿ ತೋರಿಸಿದವಳು ನನ್ನ ಹೆಂಡತಿ, ಅದೂ ತನಗೇ ಗೊತ್ತಿಲ್ಲದೆ. ಗುಡುಗು ಎಂದರೆ ಅವಳಿಗೆ ಜೀವ ಬಾಯಿಗೆ ಬರುತ್ತದೆ. ಸಿಡಿಲು ಮೈಮೇಲೆ ಬೀಳದಿರಲಿ ಎಂದು ಹೇಳುವ ಹತ್ತು ಹೆಸರುಗಳನ್ನು ಚಿಕ್ಕಂದಿನಲ್ಲಿ ಅವಳ ಅಮ್ಮ ಬಾಯಿಪಾಠ ಮಾಡಿಸಿದ್ದರು. ಗುಡುಗಿದ ಕೂಡಲೇ ಇವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹತ್ತನ್ನೂ ಹೇಳುತ್ತಾಳೆ. ಒಂದು ಸಂಜೆ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು. ಮೊದಲ ಹೆಸರಿಗೆ ಬಟನ್ ಒತ್ತಿದೆ, ಹತ್ತನೆಯದಕ್ಕೆ ಬಿಟ್ಟೆ. ಅಬ್ಬಾ, ಆಕಾಶ ಪೂರ್ತಿ ಬೇರು ಬಿಟ್ಟ ಹಾಗೆ ಮಿಂಚು ಬಂದು ಕೂತಿತ್ತು. ಆವತ್ತಿನಿಂದ ಅವಳೇ ನನ್ನ ಗಡಿಯಾರ.

ಆದರೆ ಭಯ ಹೆಚ್ಚಾದ ಹಾಗೆಲ್ಲ ಗಡಿಯಾರ ಓಡುತ್ತಿತ್ತು. ಗುಡುಗು ಹತ್ತಿರ ಬಂದರೆ ಹತ್ತು ಹೆಸರೂ ಒಂದೇ ಉಸಿರಿಗೆ ಮುಗಿದುಹೋಗುತ್ತಿದ್ದವು. ನನ್ನ ಪಕ್ಕದಲ್ಲಿ ನಿಂತು ನಿಧಾನವಾಗಿ ಹೇಳು ಮಾರಾಯ್ತಿ ಎಂದು ಒಂದು ವಾರ ಬೆನ್ನು ಹತ್ತಿದೆ. ಕಡೆಗೆ ಒಪ್ಪಿದಳು, ಸುಮ್ಮನೆ ಅಲ್ಲ.

"ಬರ್ತೀನಿ. ಆದ್ರೆ ಅಪಾಯ ಅನ್ನೋದು ಒಂದ್ಸಲ ಹತ್ರ ಬಂತು ಅಂದ್ರೆ, ಕ್ಯಾಮೆರಾ ಮಾರನೇ ದಿನದ ಬಸ್ಸಲ್ಲೇ ಕೊಡ್ಲಿಪೇಟೆಗೆ ವಾಪಸ್."

ಸರಿ ಎಂದುಬಿಟ್ಟೆ. ಮಿಂಚುವುದು ಎಲ್ಲೋ ವಿರಾಜಪೇಟೆಯ ಬೆಟ್ಟದ ಮೇಲೆ, ಅಪಾಯ ಎಲ್ಲಿಂದ ಬರಬೇಕು?

ಏಪ್ರಿಲ್ ತಿಂಗಳ ಒಂದು ಸಂಜೆ, ಏಳು ಗಂಟೆ ಇರಬಹುದು. ಕಾಫಿ ಒಣಗಿಸುವ ಕಣ ನಮ್ಮ ಕ್ವಾರ್ಟರ್ಸಿನ ಎದುರಿಗೇ ಇದೆ. ಕೊಯ್ಲು ಮುಗಿದು ಅದು ಖಾಲಿ ಬಿದ್ದಿತ್ತು. ಕರೆಂಟು ಹೋಗಿ ಇಡೀ ಎಸ್ಟೇಟು ಕತ್ತಲಾಗಿತ್ತು. ಎಲ್ಲರೂ ಕರೆಂಟಿನವರಿಗೆ ಶಾಪ ಹಾಕುತ್ತಿದ್ದಾಗ ನಾನೊಬ್ಬ ಕೈಮುಗಿಯುತ್ತಿದ್ದೆ. ಗೋದಾಮಿನ ಜಗಲಿಯಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಮುಂದೆ ಒಬ್ಬ ಮನುಷ್ಯನ ಆಕಾರವಿದ್ದರೆ ಫೋಟೊಕ್ಕೆ ಕಳೆ ಎಂದು ಹೆಂಡತಿಯನ್ನು ನಾಲ್ಕು ಹೆಜ್ಜೆ ಮುಂದೆ, ಕಣದ ಅಂಚಿನಲ್ಲಿ ನಿಲ್ಲಿಸಿ, ಅಲ್ಲಾಡಬೇಡ ಎಂದೆ. ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಒಂದೊಂದೇ ಹೆಸರನ್ನು ಬಿಡಿಬಿಡಿಯಾಗಿ ಹೇಳತೊಡಗಿದಳು. ನನ್ನ ಕಣ್ಣೆಲ್ಲ ಆಕಾಶದಲ್ಲಿ. ಹತ್ತು ಹೆಸರು ಮುಗಿಯುವುದರೊಳಗೆ ನಾಲ್ಕು ಸಲ ಮಿಂಚಿತು, ನಾಲ್ಕು! ಬಟನ್ ಬಿಡದೆ ನಾಲ್ಕು ಸಲವೂ ಹಾರಿದೆ. ಅಷ್ಟರಲ್ಲಿ ಮಳೆ ತಗಡಿನ ಮೇಲೆ ಕಲ್ಲು ಸುರಿದಂತೆ ಬಿತ್ತು. ಇಬ್ಬರೂ ಮನೆಯೊಳಗೆ ಓಡಿದೆವು.

ಅವಳು ತಲೆ ಒರೆಸಿಕೊಳ್ಳಲು ಹೋದಾಗ ಕ್ಯಾಮೆರಾದ ಪುಟ್ಟ ಪರದೆ ನೋಡಿದೆ. ಮೇಲೆ ಮಿಂಚು ಝಗಝಗ. ಕೆಳಗೆ ಆನೆಗಳು. ಕಾಫಿ ಗಿಡದ ಸಂದಿಯಲ್ಲಿ ಒಂದು, ನೀರಿನ ಟ್ಯಾಂಕಿನ ಹತ್ತಿರ ಒಂದು, ನಡುಗಣದಲ್ಲಿ ಒಂದು, ಹಲಸಿನ ಮರದ ಕಡೆ ತಿರುಗಿ ನಿಂತದ್ದು ಇನ್ನೊಂದು. ಅವುಗಳ ಮುಂದೆ ಹದಿನೈದು ಹೆಜ್ಜೆ ದೂರದಲ್ಲಿ ನನ್ನ ಹೆಂಡತಿ.

ಹೋಗಿ ಬಾಗಿಲಿನ ಚಿಲಕ ಹಾಕಿ ಬಂದೆ. ಮರುಕ್ಷಣ, ಹೇಳಿಕೊಳ್ಳಲು ನಾಚಿಕೆ, ಖುಷಿಯಾಯಿತು. ಇಂಥ ಫೋಟೊ ಜಗತ್ತಿನಲ್ಲಿ ಯಾರ ಬಳಿ ಇದೆ? ಆಮೇಲೆ ಕೊಡ್ಲಿಪೇಟೆಯ ಬಸ್ಸು ನೆನಪಾಯಿತು. ಕ್ಯಾಮೆರಾ ಆರಿಸಿ, ಸಾರು ಯಾವುದು ಎಂದು ಕೇಳಿದೆ. ಮಿಂಚು ಬಂತಾ ಎಂದು ಅವಳು ಕೇಳಿದಳು. ಬಂತು ಎಂದೆ. ಬೇರೆ ಏನಾದರೂ? ಬೇರೆ ಏನಿಲ್ಲ ಎಂದೆ.

ಗುಟ್ಟು ನನ್ನ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಆನೆ ಎಲ್ಲಿದೆ ಎಂದು ಪರಸ್ಪರ ತಿಳಿಸುವುದಕ್ಕೆ ನಮ್ಮ ಎಸ್ಟೇಟಿನವರದೊಂದು ವಾಟ್ಸಾಪ್ ಗ್ರೂಪು ಇದೆ. ಹೆಂಡತಿ ಅದರಲ್ಲಿ ಇಲ್ಲ. ಬೆಳಗಾಗುತ್ತಲೇ ಫೋಟೊ ಅದಕ್ಕೆ ಹಾಕಿಬಿಟ್ಟೆ. ಎಂಟು ಗಂಟೆಗೆ ಒಬ್ಬರೂ ಆ ಕಡೆಯ ತೋಟಕ್ಕೆ ಇಳಿಯಲಿಲ್ಲ. ಮ್ಯಾನೇಜರೂ ಫೋಟೊ ನೋಡಿ, ನಾಲ್ಕು ಎಣಿಸಿ, ಅಲ್ಲಿನ ಗೊಬ್ಬರದ ಕೆಲಸ ನಿಲ್ಲಿಸಿದರು. ಸುದ್ದಿ ಸಿದ್ದಾಪುರದ ಪೇಟೆ ಮುಟ್ಟುವಾಗ ಆನೆ ಏಳಾಗಿತ್ತು. ನಾನು ಮದುಮಗನ ಹಾಗೆ ಓಡಾಡುತ್ತಿದ್ದೆ.

ಹತ್ತು ಗಂಟೆಗೆ ಕಾಫಿಗೆಂದು ಮನೆಗೆ ಬಂದರೆ ಹೆಂಡತಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಯಾರದೋ ಫೋನು ನೋಡುತ್ತಿದ್ದಳು. ಪಕ್ಕದಲ್ಲಿ ಕೂಲಿಯವರ ಲೈನ್ ಮನೆಯ ಒಬ್ಬ ಕೆಲಸದ ಹೆಂಗಸು. ಅಕ್ಕನಿಗೆ ಏನೂ ಆಗಲಿಲ್ಲವಲ್ಲ ಎಂದು ಪಾಪ ವಿಚಾರಿಸಲು ಬಂದಿದ್ದಳು. ಫೋಟೊದಲ್ಲಿ ಎಲ್ಲ ಹತ್ತಿರ ಕಾಣುತ್ತದೆ, ನಿಜಕ್ಕೂ ದೂರ ಎಂದು ಏನೇನೋ ತೊದಲಿದೆ. ಅವಳು ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಇದು ನಾಲ್ಕಲ್ಲ ರೀ. ಒಂದೇ."

ನಾನು ಬಗ್ಗಿ ನೋಡಿದೆ. ಮೂರಕ್ಕೂ ಒಂದೇ ಕಡೆ ಮುರಿದ ದಂತ. ನಾಲ್ಕನೆಯದರ ಬೆನ್ನಷ್ಟೇ ಕಾಣುತ್ತಿತ್ತು. ಟ್ಯಾಂಕಿನ ಹತ್ತಿರದ ಆನೆಯ ಹೊಟ್ಟೆಯೊಳಗಿಂದ ಹಿಂದಿನ ಸಿಲ್ವರ್ ಓಕ್ ಮರದ ಕಾಂಡ ಕಾಣಿಸುತ್ತಿತ್ತು. ಕತ್ತಲಲ್ಲಿ ನಡೆದುಕೊಂಡು ಬಂದ ಒಂಟಿ ಸಲಗ. ಮಿಂಚಿದಾಗಲೆಲ್ಲ ಇದ್ದಲ್ಲೇ ಅಚ್ಚಾಗಿತ್ತು. ಎರಡು ವರ್ಷದಿಂದ ಇದೇ ಕಸುಬು ಮಾಡುತ್ತಿದ್ದವನಿಗೆ ಹೊಳೆದಿರಲಿಲ್ಲ. ಕಣ್ಣು ಮುಚ್ಚಿ ನಿಂತಿದ್ದವಳಿಗೆ ಹೊಳೆಯಿತು. ಮೂರನೇ ಹೆಸರಿಗೆ ಇಲ್ಲಿ, ಐದಕ್ಕೆ ಇಲ್ಲಿ, ಎಂಟಕ್ಕೆ ಇಲ್ಲಿ, ಹತ್ತಕ್ಕೆ ಬೆನ್ನು ಹಾಕಿದೆ ಎಂದು, ಮುಚ್ಚಿದ ರೆಪ್ಪೆಯ ಮೇಲೆ ಬೆಳಕು ಬಿದ್ದದ್ದನ್ನು ನೆನೆದು ಅವಳು ಲೆಕ್ಕ ಬಿಡಿಸಿದಳು. ನಾನು ಸಂತೋಷದಲ್ಲಿ ಷರತ್ತನ್ನೇ ಮರೆತು ಚಪ್ಪಾಳೆ ತಟ್ಟಿದೆ. ಅವಳು ಮರೆತಿರಲಿಲ್ಲ. ಇದರಲ್ಲಿ ನೀವೆಲ್ಲಿ ಎಂದು ಕೇಳಿದಳು. ಕ್ಯಾಮೆರಾದ ಹಿಂದೆ, ಜಗಲಿಯಲ್ಲಿ ಎಂದೆ.

"ಅಂದ್ರೆ ಆನೆಗೂ ನಿಮಗೂ ಮಧ್ಯ ನನ್ನ ನಿಲ್ಸಿದ್ರಿ."

ಕೆಲಸದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನೇ ಕ್ಯಾಮೆರಾ ಒರೆಸಿ, ಬ್ಯಾಗಿಗೆ ತುಂಬಿ, ಬಾಗಿಲ ಪಕ್ಕ ಇಟ್ಟೆ. ಈ ವಯಸ್ಸಿನಲ್ಲಿ ಅಳು ಬಂತು ಎಂದರೆ ನಗಬೇಡಿ, ಬಂತು. ಬಂದಿದ್ದು ಒಂದೇ ಆನೆ ಎಂದು ಗ್ರೂಪಿನಲ್ಲಿ ಬರೆದೆ. ಯಾರೂ ನಂಬಲಿಲ್ಲ. ಎಲ್ಲರಿಗೂ ನಾಲ್ಕೇ ಇಷ್ಟವಾಗಿತ್ತು.

ಮಾರನೇ ದಿನ ಬಸ್ಸು ಹೋಯಿತು, ಬ್ಯಾಗು ಹೋಗಲಿಲ್ಲ. ಅದರ ಮಾರನೇ ದಿನವೂ ಹೋಗಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ನಾಲ್ಕನೇ ಸಂಜೆ ಮತ್ತೆ ಗುಡುಗಿತು. ಅವಳೇ ಬ್ಯಾಗು ಎತ್ತಿಕೊಂಡು ಜಗಲಿಗೆ ನಡೆದಳು.

"ನೀವು ಮುಂದೆ ನಿಂತ್ಕಳಿ. ಬಟನ್ ನಾನು ಒತ್ತೀನಿ."

ಕಣದ ಅಂಚಿಗೆ ಹೋಗಿ ನಿಂತೆ. ಅವಳು ಹಿಂದಿನಿಂದ ನಿಧಾನವಾಗಿ, ಒಂದು ಸಲವೂ ಅವಸರ ಮಾಡದೆ ಹತ್ತೂ ಹೆಸರು ಹೇಳಿದಳು. ಹಲಸಿನ ಮರದ ಕಡೆ ಏನೋ ಸರಸರ ಎಂದಿತು, ಎಲೆಯೇ ಇರಬೇಕು. ಆ ಅರ್ಧ ನಿಮಿಷ ಎಷ್ಟು ಉದ್ದವಿತ್ತು ಎಂದು ನನಗೇ ಗೊತ್ತು.

ಒಳಗೆ ಬಂದು ಇಬ್ಬರೂ ಫೋಟೊ ನೋಡಿದೆವು. ಮಿಂಚು ನನ್ನದಕ್ಕಿಂತ ಚೆನ್ನಾಗಿ ಬಂದಿತ್ತು, ಹೊಟ್ಟೆ ಉರಿದರೂ ಒಪ್ಪುತ್ತೇನೆ. ಅದರ ಕೆಳಗೆ ಒಂದು ಮೈ, ನಾಲ್ಕು ತಲೆ. ಹಲಸಿನ ಮರದ ಕಡೆ ಒಂದು, ಟ್ಯಾಂಕಿನ ಕಡೆ ಒಂದು, ತೋಟದ ಕಡೆ ಒಂದು. ಕಡೆಯದು ಬಾಯಿ ತೆರೆದು ಹಿಂದೆ ಹೆಂಡತಿಯನ್ನೇ ನೋಡುತ್ತಿತ್ತು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ.

ನಗುತ್ತಲೇ ಹಿಂದಿನ ಫೋಟೊ ತೆಗೆದೆ. ಅದರಲ್ಲೂ ನಾಲ್ಕು ಮಿಂಚು. ಆನೆ ಕೂಡ ನಾಲ್ಕಾಗಿತ್ತು. ಇವಳು ಮಾತ್ರ ಒಬ್ಬಳೇ, ಸೆರಗಿನ ಅಂಚು ಕೂಡ ಕದಲದೆ ಸ್ಪಷ್ಟವಾಗಿ ನಿಂತಿದ್ದಳು. ನನ್ನ ಹೆಂಡತಿ ಮಹಾ ಪುಕ್ಕಲಿ ಎಂದು ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಆವತ್ತು ನಿನಗೆ ಭಯವೇ ಆಗಲಿಲ್ಲವಾ ಎಂದು ಕೇಳಿದೆ.

"ಆಗಿತ್ತು," ಎಂದಳು. "ಅಲ್ಲಾಡಿದ್ರೆ ಫೋಟೊ ಹಾಳಾಗ್ತದೆ ಅಂದಿದ್ರಲ್ಲ ನೀವು."